ಲೋರ್ನಾಳ ಪಾಲಿನ ಎಲೆಗಳು

ಹೋದ ವಾರ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಯಾರದೋ ಹುಟ್ಟುಹಬ್ಬ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದ್ದರು. ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬೊಬ್ಬರ ಮುಂದೆ ಕಾಗದದ ತಟ್ಟೆ ಇಡುತ್ತ ಹೋದವಳು ಕಿಟಕಿ ಪಕ್ಕದ ಖಾಲಿ ಕುರ್ಚಿಯ ಮುಂದೆಯೂ ಒಂದು ತಟ್ಟೆ ಇಟ್ಟೆ. ಇನ್ನೂ ಯಾರಾದರೂ ಬರುವವರಿದ್ದಾರೇನು ಎಂದು ಹೆಡ್ ಮೇಡಂ ಕೇಳಿದರು. ಯಾರೂ ಇಲ್ಲ ಎಂದು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡೆ. ತೆಗೆದುಕೊಳ್ಳುವಾಗ ಆ ಕುರ್ಚಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಗಣಿತ ಕಲಿಸುತ್ತಿರುವವಳು ನಾನು. ಇದ್ದ ತಲೆ ಎಣಿಸಿ ತಟ್ಟೆ ಇಡಲು ಬರುವುದಿಲ್ಲ ಎಂದರೆ ಮರ್ಯಾದೆ ಉಳಿಯುತ್ತದೆಯೇ?

ಒಂದನ್ನು ಹೆಚ್ಚಿಗೆ ಇಡುವ ಈ ಅಭ್ಯಾಸ ಅಂಟಿದ್ದು ಎರಡು ವರ್ಷದ ಹಿಂದೆ, ಗಂಗಾವತಿಯ ಒಂದು ಬೇಸಿಗೆಯಲ್ಲಿ, ಪೋಕರ್ ಎಂಬ ಇಸ್ಪೀಟಾಟ ಕಲಿಯಲು ಹೋಗಿ. ನಗಬೇಡಿ. ನಲವತ್ತಾರರ ವಯಸ್ಸಿನಲ್ಲಿ, ಗಣಿತದ ಅಕ್ಕೋರು ಎಂದು ಓಣಿಯೆಲ್ಲ ಕೈಮುಗಿಯುವ ಹೆಂಗಸು ಇಸ್ಪೀಟು ಕಲಿತಳೆಂದರೆ ನಮ್ಮವ್ವ ಇದ್ದಿದ್ದರೆ ಎರಡು ದಿನ ಊಟ ಬಿಡುತ್ತಿದ್ದಳು.

ನಮ್ಮದು ಬೇವೂರು. ಆ ಊರಿನ ನಮ್ಮ ಮನೆಯಲ್ಲಿ ಇಸ್ಪೀಟಿಗೆ ಪ್ರವೇಶವಿರಲಿಲ್ಲ. ದುಡ್ಡು ಹಾಳಾಗುತ್ತದೆ ಎಂಬ ಕಾರಣವನ್ನು ಅವ್ವ ಎಂದೂ ಕೊಟ್ಟವಳಲ್ಲ. ಹಾಳಾಗುವಷ್ಟು ದುಡ್ಡು ಇದ್ದ ಮನೆಯೂ ಅದಲ್ಲ. ಅವಳ ಕಾರಣ ಬೇರೆಯೇ. ಎಲೆಯ ಮೇಲಿನ ರಾಜ, ರಾಣಿ, ಗುಲಾಮರನ್ನು ನೋಡು ಎನ್ನುತ್ತಿದ್ದಳು. ಮೇಲೊಂದು ತಲೆ, ಕೆಳಗೊಂದು ತಲೆ, ಕಾಲೇ ಇಲ್ಲ. ಅಂಥವರನ್ನು ಒಳಗೆ ಕರೆದುಕೊಂಡರೆ ಅವರು ಹೊರಗೆ ಹೋಗುವುದು ಹೇಗೆ? ಇದನ್ನು ಕೇಳಿದ ಮೇಲೆ ಎಷ್ಟೋ ವರ್ಷ ನಾನು ಇಸ್ಪೀಟಿನ ಕಟ್ಟನ್ನು ಮುಟ್ಟಿರಲಿಲ್ಲ. ನಮ್ಮ ಆಟವೆಲ್ಲ ಹುಣಸೆ ಬೀಜದಲ್ಲಿ. ಮಧ್ಯಾಹ್ನ ದೊಡ್ಡವರು ಮಲಗಿದಾಗ ಅಕ್ಕ ಮತ್ತು ನಾನು ಪಡಸಾಲೆಯಲ್ಲಿ ಚೌಕಾಬಾರ ಹಾಕುತ್ತಿದ್ದೆವು. ಗೆದ್ದ ಬೀಜಗಳನ್ನು ಅಕ್ಕ ಸಂಜೆಗೆ ಹುರಿದು ತಿಂದುಬಿಡುತ್ತಿದ್ದಳು. ಗೆದ್ದ ಸಂಪತ್ತನ್ನು ಹುರಿದು ತಿನ್ನಬಹುದಾದ ಆಟದಷ್ಟು ನಿರುಪದ್ರವಿ ಆಟ ಇನ್ನೊಂದಿಲ್ಲ ಎಂದು ಈಗ ಅನಿಸುತ್ತದೆ.

ನನಗೆ ಪೋಕರ್ ಕಲಿಸಿದವಳು ಹಸೀನಾ ಆಪಾ. ನಮ್ಮ ಮನೆಯ ಕೆಳಗಿನ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅದಕ್ಕೂ ಮೊದಲು ಒಂಬತ್ತು ವರ್ಷ ಕುವೈತಿನಲ್ಲಿ ಒಂದು ದೊಡ್ಡ ಮನೆಯ ಅಡುಗೆ, ಕಸ, ಮುಸುರೆ ನೋಡಿಕೊಂಡು ಬಂದವಳು. ಆ ಮನೆಯ ಹಿಂದೆ ಕೆಲಸದವರ ಖೋಲಿಯಲ್ಲಿ ಆಪಾ ಸೇರಿ ನಾಲ್ಕು ಜನ ಹೆಂಗಸರಿದ್ದರಂತೆ. ಅವರಲ್ಲಿ ಇಬ್ಬರು ಫಿಲಿಪೈನ್ಸ್‌ನವರು, ಗ್ರೇಸ್ ಮತ್ತು ಲೋರ್ನಾ. ಪೋಕರ್ ತಂದವಳು ಲೋರ್ನಾ. ಅಡುಗೆಮನೆಯಿಂದ ಒಂದು ಹಿಡಿ ಕಾಬೂಲಿ ಕಡಲೆ ತಂದು ಅದನ್ನೇ ದುಡ್ಡೆಂದು ಇಟ್ಟುಕೊಂಡು ಆಡುತ್ತಿದ್ದರು. ಆಟ ಮುಗಿದ ಮೇಲೆ ಕಡಲೆಯನ್ನು ತೊಳೆದು ಡಬ್ಬಿಗೆ ವಾಪಸ್ ಹಾಕಬೇಕು.

ಆ ಬೇಸಿಗೆಯಲ್ಲಿ ನಮ್ಮ ಓಣಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ಇರುತ್ತಿರಲಿಲ್ಲ. ಆಪಾಳ ಮೋಟಾರಿನ ಮಷೀನು ಸುಮ್ಮನಾಗುತ್ತಿತ್ತು. ನನಗೆ ಬೇಸಿಗೆ ರಜೆ. ನನ್ನ ಮಾಳಿಗೆ ಮನೆ ಕಾದ ಹಂಚು. ಕೆಳಗೆ ಆಪಾಳ ಖೋಲಿಯ ಫರಸಿ ನೆಲ ಮಾತ್ರ ತಣ್ಣಗಿರುತ್ತಿತ್ತು. ನಮ್ಮ ಜೊತೆ ಮೂರನೆಯವಳು ಎದುರು ಮನೆಯ ಶರಣಮ್ಮ. ಹತ್ತಿರದ ಮರಳಿ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಳೆ; ಬೆಳಗಿನ ಡ್ಯೂಟಿ ಮುಗಿಸಿ, ಊಟ ಮಾಡಿ, ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಆ ಹೊತ್ತಿನಲ್ಲಿ ಓಣಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಹೇಮಗುಡ್ಡದ ಕಡೆಯಿಂದ ಬರುವ ಗಾಳಿ ಕಲ್ಲುಬಂಡೆಗಳ ಕಾವನ್ನೇ ಹೊತ್ತು ತರುತ್ತದೆ. ಜನ ಕತ್ತಲೆಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ, ಮಟಮಟ ಮಧ್ಯಾಹ್ನ ಎಲ್ಲ ಬಾಗಿಲೂ ಮುಚ್ಚಿರುವಾಗ, ನೆರಳು ಕಾಲಡಿಗೆ ಬಂದು ಕೂತಿರುವಾಗ ಇರುವ ನಿಶ್ಶಬ್ದ ಕತ್ತಲೆಗಿಂತ ಕೆಟ್ಟದ್ದು.

ಆಟ ಕಷ್ಟದ್ದಲ್ಲ. ಒಬ್ಬೊಬ್ಬರಿಗೆ ಎರಡು ಎಲೆ, ಬೋರಲಾಗಿ. ನಡುವೆ ಐದು ಎಲೆ, ಎಲ್ಲರಿಗೂ ಕಾಣುವಂತೆ ತೆರೆದು. ನಿಮ್ಮ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಳ್ಳಬೇಕು. ಎಲೆ ತೆರೆಯುತ್ತ ಹೋದಂತೆ ಪಣ ಹಾಕುತ್ತ ಹೋಗಬೇಕು. ಧೈರ್ಯವಿಲ್ಲದಿದ್ದರೆ ಎಲೆ ಕೆಳಗಿಟ್ಟು, ಹಾಕಿದ್ದನ್ನು ಬಿಟ್ಟು ಸುಮ್ಮನಾಗಬೇಕು. ಕೈಯಲ್ಲಿ ಏನೂ ಇಲ್ಲದವಳು ಎಲ್ಲ ಇದ್ದವಳಂತೆ ಮುಖ ಮಾಡಿಕೊಂಡು ಕೂತರೂ ಗೆಲ್ಲಬಹುದು. ಈ ಕಲೆ ನನಗೆ ತಟ್ಟನೆ ಒಲಿಯಿತು. ಪಾಠ ತಯಾರಿ ಮಾಡಿಕೊಳ್ಳದೆ ತರಗತಿಗೆ ಹೋದ ಎಷ್ಟೋ ದಿನಗಳ ಅನುಭವ ಬೆನ್ನಿಗಿತ್ತು.

ಪಣಕ್ಕೆ ಆಪಾಳ ಗುಂಡಿ ಡಬ್ಬಿ. ಬಿಳಿ ಅಂಗಿ ಗುಂಡಿ ಒಂದು ರೂಪಾಯಿ, ಕರಿ ಕೋಟಿನ ಗುಂಡಿ ಹತ್ತು, ಶೇರ್ವಾನಿಯ ಬಂಗಾರ ಬಣ್ಣದ ಗುಂಡಿ ನೂರು. ಗುಂಡಿಗಳಲ್ಲಿ ನಾವು ಮೂವರೂ ಮಹಾರಾಣಿಯರು. ಶರಣಮ್ಮ ಕೈಯಲ್ಲಿ ಕಸದಂಥ ಎಲೆ ಹಿಡಿದುಕೊಂಡು ಶೇರ್ವಾನಿ ಗುಂಡಿಗಳನ್ನೆಲ್ಲ ನಡುವೆ ನೂಕುತ್ತಿದ್ದಳು. ಸೋತರೆ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಮೊದಲ ದಿನವೇ ಆಪಾ ನಾಲ್ಕು ಕಡೆ ಎಲೆ ಹಾಕಿದ್ದಳು. ನಾಲ್ಕನೆಯದು ಗೋಡೆಯ ಕಡೆ, ಮಷೀನಿಗೂ ಬೀರುವಿಗೂ ನಡುವಿನ ಸಂದಿಯಲ್ಲಿ. ಅಲ್ಲಿ ಯಾರೂ ಇರಲಿಲ್ಲ. ನಾನು ಕೇಳಿದ್ದಕ್ಕೆ, "ಅದು ಲೋರ್ನಾಂದ್ರಿ ಅಕ್ಕೋರ" ಎಂದು, ಮಷೀನಿಗೆ ಎಣ್ಣೆ ಹಾಕಿದೆ ಎಂಬಷ್ಟೇ ಸಹಜವಾಗಿ ಹೇಳಿದಳು.

ಲೋರ್ನಾಳ ಕಥೆ ನಮಗೆ ತುಂಡುತುಂಡಾಗಿ ಗೊತ್ತಾಯಿತು. ಒಂದು ಬೆಳಗ್ಗೆ ಏಳುವಷ್ಟರಲ್ಲಿ ಖೋಲಿಯಲ್ಲಿ ಅವಳ ಹಾಸಿಗೆ ಖಾಲಿಯಿತ್ತಂತೆ. ಊರಿಗೆ ಕಳಿಸಿದ್ದೇವೆ ಎಂದಳು ಮನೆಯ ಒಡತಿ. ಆದರೆ ಅವಳ ಚಪ್ಪಲಿ ಬಾಗಿಲಲ್ಲೇ ಇದ್ದವು, ಬ್ಯಾಗು ಮಂಚದ ಕೆಳಗಿತ್ತು. ಕೇಳಲು ಉಳಿದವರಿಗೆ ಬಾಯಿಲ್ಲ. ಎಲ್ಲರ ಪಾಸ್‌ಪೋರ್ಟೂ ಒಡತಿಯ ಕಪಾಟಿನಲ್ಲಿ. ಆ ದಿನ ಸಂಜೆ ಗ್ರೇಸ್ ಎಂದಿನಂತೆ ಎಲೆ ಹಂಚಿದಳು, ನಾಲ್ಕು ಜನಕ್ಕೆ. ಮೂರೇ ಜನಕ್ಕೆ ಹಂಚಿದರೆ ಅವಳು ಹೋದಳೆಂದು ತಾವೇ ಒಪ್ಪಿಕೊಂಡಂತೆ ಆಗುತ್ತಿತ್ತು ಎಂದಳು ಆಪಾ. ಆಮೇಲೆ ಅಲ್ಲಿದ್ದಷ್ಟು ವರ್ಷವೂ ಹಾಗೆಯೇ.

ಲೋರ್ನಾಳ ಪಾಲಿಗೆ ಒಂದೇ ನಿಯಮ. ಉಳಿದವರು ಎಷ್ಟು ಪಣ ಹಾಕುತ್ತಾರೋ ಅವಳ ಕಡೆಯಿಂದಲೂ ಅಷ್ಟೇ. ಅವಳ ಎಲೆಯನ್ನು ನಡುವೆ ಯಾರೂ ನೋಡುವ ಹಾಗಿಲ್ಲ. ಕೊನೆಗೆ ಎಲ್ಲರ ಎಲೆಗಳ ಜೊತೆ ತೆರೆಯಬೇಕು. ಅಂದರೆ ಅವಳು ಎಂದೂ ಆಟ ಬಿಟ್ಟು ಏಳುವುದಿಲ್ಲ. ಎಲೆ ಹಾಕಿದ ಮೇಲೆ ಆಪಾ ಆ ಸಂದಿಯ ಕಡೆ ನೋಡಿ ಒಂದು ಗಳಿಗೆ ತಡೆಯುತ್ತಿದ್ದಳು, ಒಬ್ಬರು ತಮ್ಮ ಎಲೆ ಎತ್ತಿ ನೋಡಿ ಕೆಳಗಿಡಲು ಬೇಕಾಗುವಷ್ಟು ಹೊತ್ತು. ಗುಂಡಿಯ ದಿನಗಳಲ್ಲಿ ಅದು ನಮಗೆ ಅಷ್ಟಾಗಿ ಗಮನಕ್ಕೆ ಬಂದಿರಲಿಲ್ಲ. ಆ ಗಳಿಗೆಯಲ್ಲಿ ನಾವು ಕಾಯಿಪಲ್ಲೆಯ ರೇಟು ಮಾತಾಡುತ್ತಿದ್ದೆವು.

ದುಡ್ಡಿಟ್ಟು ಆಡೋಣ ಎಂದವಳು ನಾನು. ಬೇರೆಯವರ ಮೇಲೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಗುಂಡಿಗಳಲ್ಲಿ ಮೂರು ವಾರ ಗೆದ್ದು ನನಗೆ ಅಮಲು ನೆತ್ತಿಗೇರಿತ್ತು. ಗುಂಡಿಯಲ್ಲಿ ಕಲಿತದ್ದು ಕಲಿಕೆಯೇ ಅಲ್ಲ, ಕಳೆದುಕೊಳ್ಳುವ ಭಯ ಇದ್ದಾಗಲೇ ಆಟ ಗೊತ್ತಾಗುವುದು ಎಂದು ಭಾಷಣ ಬಿಗಿದೆ. ಆಪಾ ಒಪ್ಪಲಿಲ್ಲ. ದುಡ್ಡಿನ ಜೂಜು ಅವಳಿಗೆ ಹರಾಮು. ಎರಡು ದಿನ ನಾನು ಗೋಗರೆದ ಮೇಲೆ ಹೇಳಿದಳು:

"ನಾ ಆಡೂದಿಲ್ರಿ. ಬೇಕಾದ್ರ ಎಲಿ ಹಾಕಿ ಕೊಡ್ತೀನಿ. ನನ್ನ ಬದಲಿ ಆಕಿ ಆಡ್ತಾಳ."

ಶರಣಮ್ಮ ನಕ್ಕಳು. ನಾನೂ ನಕ್ಕೆ. ನಮ್ಮ ಕಡೆ ಅಂಗಡಿಯವರು ಮುಟ್ಟದ ಹತ್ತು ರೂಪಾಯಿ ನಾಣ್ಯಗಳು ಎಲ್ಲರ ಮನೆಯಲ್ಲೂ ಡಬ್ಬಿ ತುಂಬ ಬಿದ್ದಿರುತ್ತವೆ. ಅವನ್ನೇ ತಂದೆವು. ಲೋರ್ನಾಳ ಮುಂದೆ ಅವಳ ಪಾಲಿನ ನಾಣ್ಯಗಳನ್ನು ಆಪಾ ತನ್ನ ಸಂದೂಕಿನಿಂದ ತೆಗೆದು ಸಾಲಾಗಿ ಇಟ್ಟಳು.

ನಾಣ್ಯ ನೆಲಕ್ಕೆ ಬಿದ್ದ ಸದ್ದಿಗೇ ಖೋಲಿ ಬೇರೆಯಾಯಿತು. ಕಾಯಿಪಲ್ಲೆಯ ಮಾತು ನಿಂತಿತು. ಶೇರ್ವಾನಿ ಗುಂಡಿಗಳನ್ನು ನೂಕುತ್ತಿದ್ದ ಶರಣಮ್ಮ ಒಂದು ನಾಣ್ಯ ಎತ್ತಿಡಲು ಮೂರು ಸಲ ತನ್ನ ಎಲೆ ನೋಡಿಕೊಂಡಳು. ನಾನು ನನ್ನ ಹಳೆಯ ವಿದ್ಯೆ ಪ್ರಯೋಗಿಸಿದೆ: ಕೈಯಲ್ಲಿ ಏನಿಲ್ಲದಿದ್ದರೂ ರಾಜರ ಜೋಡಿ ಇದ್ದವಳಂತೆ ಕೂತೆ, ಪಣ ಏರಿಸಿದೆ. ಶರಣಮ್ಮ ಹೆದರಿ ಎಲೆ ಇಟ್ಟಳು. ಆದರೆ ಗೋಡೆಯ ಕಡೆ ಕೂತವಳು ಹೆದರಬೇಕಲ್ಲ. ಆಪಾಳ ಕೈ ಲೋರ್ನಾಳ ನಾಣ್ಯಗಳನ್ನು ನನ್ನ ನಾಣ್ಯಗಳ ಪಕ್ಕಕ್ಕೆ ಸರಿಸಿತು. ಎಲೆ ತೆರೆದಾಗ ಗೆದ್ದವಳು ಲೋರ್ನಾ.

ಮರುದಿನವೂ ಲೋರ್ನಾ. ಅದರ ಮರುದಿನವೂ. ನಾನು ಮನೆಗೆ ಹೋಗಿ ಲೆಕ್ಕ ಹಾಕಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾವಿಬ್ಬರೂ ದುಡ್ಡಿನ ಭಯಕ್ಕೆ ಮತ್ತೆಮತ್ತೆ ಆಟ ಬಿಡುತ್ತಿದ್ದೇವೆ, ಅವಳು ಬಿಡುವುದಿಲ್ಲ. ಹಾಗಾಗಿ ಗೆಲುವು ಅವಳ ಕಡೆ ಜಾರುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ಮಧ್ಯಾಹ್ನ ಆ ಫರಸಿಯ ಮೇಲೆ ಕೂತಾಗ ಲೆಕ್ಕ ನೆನಪಾಗುತ್ತಿರಲಿಲ್ಲ. ಆಪಾ ಎಲೆ ಹಾಕಿ ಆ ಸಂದಿಯ ಕಡೆ ನೋಡಿ ತಡೆಯುವ ಗಳಿಗೆ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಈಗ ನಾವಿಬ್ಬರೂ ಆ ಕಡೆ ತಿರುಗಿ ಕಾಯುತ್ತಿದ್ದೆವು. ನನ್ನ ಸುಳ್ಳು ಮುಖ ಅವಳಿಗೆ ಕಾಣುವುದಿಲ್ಲ, ಅದಕ್ಕೇ ಅವಳು ಮೋಸ ಹೋಗುವುದಿಲ್ಲ ಎಂದು ಮೊದಲು ಅಂದುಕೊಂಡಿದ್ದೆ. ಆಮೇಲಾಮೇಲೆ, ಕಾಣುತ್ತದೆ, ಅದಕ್ಕೇ ಮೋಸ ಹೋಗುವುದಿಲ್ಲ ಎಂದು ಅನಿಸತೊಡಗಿತು.

ಒಂದು ದಿನ ಶರಣಮ್ಮ ಬಾಯಿ ಬಿಟ್ಟಳು. ಆಡುವವಳು ಇಲ್ಲಿಲ್ಲ, ಎಲೆ ಹಾಕುವುದು ಆಪಾ. "ಲೋರ್ನಾ ಗೆದ್ದದ್ದು ಕಡೀಗೆ ಯಾರ ಸಂದೂಕದಾಗ ಹೋಗ್ತೈತಿ, ಆಪಾ?" ಎಂದಳು.

ಆಪಾ ಎದ್ದಳು. ಒಳಗೆ ಹೋಗಿ ಲೋರ್ನಾಳ ನಾಣ್ಯದ ಡಬ್ಬಿ ತಂದು ಶರಣಮ್ಮನ ಮಡಿಲಲ್ಲಿ ಇಟ್ಟಳು. ಇಸ್ಪೀಟಿನ ಕಟ್ಟನ್ನು ನನ್ನ ಮುಂದೆ ಇಟ್ಟು, ನಾಳೆಯಿಂದ ನೀವೇ ಹಂಚಿರಿ ಎಂದಳು. ಅವಳ ಮುಖ ಕೆಂಪಾಗಿತ್ತು. ಆ ಹೊತ್ತಿಗೆ ನಾನು ಶರಣಮ್ಮನನ್ನು ಬೈಯಬೇಕಿತ್ತು. ಬೈಯಲಿಲ್ಲ, ಏಕೆಂದರೆ ಅದೇ ಅನುಮಾನ ನನ್ನ ಹೊಟ್ಟೆಯಲ್ಲೂ ಒಂದು ವಾರದಿಂದ ಇತ್ತು. ಮೂರು ವಾರ ಗುಂಡಿಯಲ್ಲಿ ಆಡುವಾಗ ಅದು ಎಲ್ಲಿತ್ತೋ ಗೊತ್ತಿಲ್ಲ.

ಇನ್ನು ಹೇಳುವುದನ್ನು ಅವರಿಬ್ಬರಿಗೂ ಇವತ್ತಿನವರೆಗೆ ಹೇಳಿಲ್ಲ. ಆ ರಾತ್ರಿ ಮನೆಯಲ್ಲಿ ಕೂತು ಕಟ್ಟಿನ ಅಡಿಯಿಂದ ಎಲೆ ಎಳೆಯುವುದನ್ನು ರೂಢಿ ಮಾಡಿಕೊಂಡೆ. ಇಸ್ಪೀಟಿನ ಎರಡು, ಆಟೀನಿನ ಏಳು. ಈ ಆಟದಲ್ಲಿ ಅದಕ್ಕಿಂತ ಕೆಟ್ಟ ಜೋಡಿ ಇಲ್ಲ. ಅವೆರಡನ್ನೂ ಅಡಿಗೆ ಇಟ್ಟುಕೊಂಡು ಮರುದಿನ ಕಲೆಸಿದ ಹಾಗೆ ಮಾಡಿ ಹಂಚಿದೆ. ಶರಣಮ್ಮನಿಗೆ, ನನಗೆ ಮೇಲಿನಿಂದ, ಲೋರ್ನಾಳಿಗೆ ಅಡಿಯಿಂದ. ಸತ್ತಿದ್ದಾಳೋ ಬದುಕಿದ್ದಾಳೋ ಗೊತ್ತಿಲ್ಲದ ಒಬ್ಬ ಕೆಲಸದವಳಿಗೆ ಒಬ್ಬ ಸರಕಾರಿ ಶಿಕ್ಷಕಿ ಮೋಸ ಮಾಡಿದಳು, ಕೆಲವು ಚಲಾವಣೆಯಾಗದ ನಾಣ್ಯಗಳಿಗಾಗಿ.

ನನ್ನ ಎಲೆ ಎತ್ತಿ ನೋಡಿದೆ. ಇಬ್ಬರು ರಾಜರು. ಇದನ್ನು ನಾನು ಮಾಡಿದ್ದಲ್ಲ, ತಾನಾಗಿ ಬಂದದ್ದು. ನನ್ನಲ್ಲಿದ್ದ ಎಲ್ಲ ನಾಣ್ಯಗಳನ್ನೂ ನಡುವೆ ಸರಿಸಿದೆ. ಶರಣಮ್ಮ ಆಟ ಬಿಟ್ಟಳು. ಆಪಾ ಲೋರ್ನಾಳ ಪಾಲನ್ನು ಸರಿಸಿದಳು. ಇನ್ನು ಯಾರೂ ಏನೂ ಮಾಡುವ ಹಾಗಿರಲಿಲ್ಲ, ಎಲೆ ತೆರೆಯುವುದೊಂದೇ.

ಮೊದಲು ಏಳು. ಅವಳಿಗೆ ಒಂದು ಜೋಡಿಯಾಯಿತು ಎಂದು ನನಗೊಬ್ಬಳಿಗೆ ಗೊತ್ತು. ಆಮೇಲೆ ಗುಲಾಮ. ಆಮೇಲೆ ಎರಡು. ಅವಳಿಗೆ ಎರಡನೆಯ ಜೋಡಿ. ನಾಲ್ಕನೆಯದು ನಾಲ್ಕು, ಯಾರಿಗೂ ಉಪಯೋಗವಿಲ್ಲ. ಐದನೆಯ ಎಲೆಯನ್ನು ನಾನು ತೆರೆಯಲಿಲ್ಲ. ಆಪಾ ಬಾಗಿ ತಾನೇ ತೆರೆದಳು. ಇನ್ನೊಂದು ಎರಡು.

ಆಮೇಲೆ ಗೋಡೆಯ ಕಡೆಯ ಎಲೆಗಳನ್ನು ತೆರೆದು ಇಟ್ಟಳು. ಮೂರು ಎರಡುಗಳು, ಎರಡು ಏಳುಗಳು; ರಾಜರ ಜೋಡಿಯನ್ನು ಸುಲಭವಾಗಿ ಮೀರಿಸುವ ಕೈ. ನನ್ನ ರಾಜರಿಬ್ಬರೂ ಕಾಲಿಲ್ಲದೆ ನೆಲದ ಮೇಲೆ ಬಿದ್ದಿದ್ದರು. ಹೀಗಾಗುವುದು ಅಪರೂಪ, ಆದರೆ ಸಾಧ್ಯ. ಎಷ್ಟು ಅಪರೂಪ ಎಂಬುದನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಬಲ್ಲೆ. ಆಪಾ ಎಲೆಗಳನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು.

"ಇದು ಭಾಳ ಕೆಟ್ಟ ಜೋಡಿರಿ ಅಕ್ಕೋರ. ಬ್ಯಾರೆ ಯಾರರ ಆಗಿದ್ರ ಒಗದು ಬಿಡ್ತಿದ್ರು. ಆಕಿ ಕೈಗೆ ಬಂದದ್ದನ್ನ ಬಿಡ್ತಿರಲಿಲ್ಲ."

ಅವಳಿಗೆ ನನ್ನ ಮೋಸ ಗೊತ್ತಾಯಿತೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಾಗಿದ್ದರೂ ಹೇಳುವವಳಲ್ಲ.

ಈ ಸಲ ಎಲೆ ಹಾಕಿದವಳು ನಾನಾದ್ದರಿಂದ ಆಪಾಳ ಮೇಲಿನ ಅನುಮಾನ ಮುರಿದುಬಿತ್ತು. ಆ ಜಾಗದಲ್ಲಿ ಶರಣಮ್ಮನಿಗೆ ಭಯ ಹುಟ್ಟಿತು. ದಿನಾ ಹೆರಿಗೆ, ಸಾವು ನೋಡುವ ಗಟ್ಟಿ ಹೆಂಗಸು ಆ ಡಬ್ಬಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ನಿದ್ದೆ ಬರುತ್ತಿಲ್ಲ ಎಂದಳು. ಲೋರ್ನಾಳ ದುಡ್ಡನ್ನು ಅವಳ ಮನೆಯವರಿಗೆ ಕಳಿಸಿಬಿಡೋಣ ಎಂದಳು. ಗ್ರೇಸಳ ನಂಬರು ಆಪಾಳ ಫೋನಿನಲ್ಲಿತ್ತು. ಈಗ ಅವಳು ಬೇರೊಂದು ದೇಶದಲ್ಲಿ ಕೆಲಸಕ್ಕಿದ್ದಾಳೆ. ಅವಳ ಮೂಲಕ ಲೋರ್ನಾಳ ತಂಗಿಯ ಫೋನಿಗೆ ಒಂದು ಮೆಸೇಜು ಕಳಿಸಬೇಕು. ಇಂಗ್ಲಿಷಿನಲ್ಲಿ ಬರೆಯುವವರು ಯಾರು? ಓದಿದವಳು ನಾನೊಬ್ಬಳೇ ಅಲ್ಲವೇ.

ಇಲ್ಲದವಳ ಪಾಲಿಗೆ ಎಲೆ ಹಾಕಿಡುತ್ತೇವೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ, ಚಿಕ್ಕದಾಗಿ, ಚೊಕ್ಕವಾಗಿ ಬರೆದೆ. ಲೋರ್ನಾ ದಿನಾ ನಮ್ಮ ಜೊತೆ ಇಸ್ಪೀಟು ಆಡುತ್ತಾಳೆ. ತುಂಬ ಗೆದ್ದಿದ್ದಾಳೆ. ಅವಳ ದುಡ್ಡನ್ನು ಯಾರಿಗೆ ಕಳಿಸಬೇಕು?

ಒಂಬತ್ತು ದಿನ ಏನೂ ಬರಲಿಲ್ಲ. ಹತ್ತನೆಯ ದಿನ ಉತ್ತರ ಬಂತು. ಆಪಾ ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದು ಫೋನು ಕೊಟ್ಟಳು. ನಾನು ಓದಿ, ಕನ್ನಡದಲ್ಲಿ ಹೇಳಲಾರದೆ, ಮತ್ತೆ ಓದಿದೆ. ದುಡ್ಡು ಬೇಡ ಎಂದು ಬರೆದಿದ್ದಳು ತಂಗಿ. ಲೋರ್ನಾಳ ಮೇಲೆ ನಮಗಾರಿಗೂ ಸಿಟ್ಟಿಲ್ಲ ಎಂದು ಅವಳಿಗೆ ಹೇಳಿ. ಅಮ್ಮ ಇನ್ನೂ ಇದ್ದಾಳೆ. ದಯವಿಟ್ಟು ಮನೆಗೆ ಬರಲು ಹೇಳಿ.

ಮಕ್ಕಳು ಲೆಕ್ಕದಲ್ಲಿ ಒಂದು ಚಿಹ್ನೆ ತಪ್ಪಿದರೆ ಅರ್ಧ ಅಂಕ ಕಳೆಯುತ್ತೇನೆ. ನನ್ನ ಈ ಮೂರು ವಾಕ್ಯಕ್ಕೆ ಎಷ್ಟು ಕಳೆಯಬೇಕು? ಒಂದು ಮನೆಯವರು ಅಷ್ಟು ವರ್ಷ, ತಮ್ಮ ಮಗಳು ತಮ್ಮನ್ನು ಬೇಕೆಂದೇ ಮರೆತಳೆಂದುಕೊಂಡು ಬದುಕಿದ್ದರು. ಅವಳು ಗಂಗಾವತಿ ಎಂಬ ಊರಿನಲ್ಲಿ ಆರಾಮಾಗಿ ಇಸ್ಪೀಟು ಆಡಿಕೊಂಡಿದ್ದಾಳೆ ಎಂದು ನಾನು ಹತ್ತು ದಿನ ನಂಬಿಸಿಬಿಟ್ಟಿದ್ದೆ. ನಾನು ಅತ್ತೆ. ಆಪಾ ಅಳಲಿಲ್ಲ. ನೀರು ತಂದು ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದಳು. ಕುವೈತಿನ ಆ ಬೆಳಗ್ಗೆಯ ನಂತರ ಲೋರ್ನಾಳನ್ನು ಯಾರೂ ನೋಡಿಲ್ಲ, ಅವಳ ಜಾಗವನ್ನಷ್ಟೇ ಇಟ್ಟುಕೊಂಡಿದ್ದೇವೆ, ತಪ್ಪಾಯಿತು ಎಂದು ಬರೆದೆ. ಅವಳು ಬದುಕಿಲ್ಲ ಎಂದು ಸೇರಿಸಲು ಹೋದಾಗ ಆಪಾ ನನ್ನ ಕೈ ಹಿಡಿದಳು.

"ಆಕಿ ಇಲ್ಲಂತ ನಿಮಗ ಗೊತ್ತೈತೇನ್ರಿ?"

ಸೇರಿಸಲಿಲ್ಲ. ಗ್ರೇಸ್ ಮೆಸೇಜು ಮುಟ್ಟಿಸಿದ್ದಾಗಿ ತಿಳಿಸಿದಳು. ಆ ಕಡೆಯಿಂದ ಮತ್ತೆ ಏನೂ ಬರಲಿಲ್ಲ. ಡಬ್ಬಿ ಈಗಲೂ ಶರಣಮ್ಮನ ಮನೆಯಲ್ಲಿದೆ. ಇಟ್ಟುಕೊಳ್ಳುವ ಧೈರ್ಯವೂ ಇಲ್ಲ, ಒಯ್ದು ಕೊಡಲು ಜಾಗವೂ ಇಲ್ಲ.

ಈ ಎರಡನೆಯ ಮೆಸೇಜು ಕಳಿಸಿದ ಮರುದಿನ ಮಧ್ಯಾಹ್ನ ಆಪಾ ನಮ್ಮಿಬ್ಬರನ್ನೂ ಕರೆದಳು. ಆಡುವುದಕ್ಕಲ್ಲ ಎಂದು ಮೊದಲೇ ಹೇಳಿದಳು. ಮನೆಯವರು ಹೇಳಿ ಕಳಿಸಿದ್ದನ್ನು ಲೋರ್ನಾಳಿಗೆ ಮುಟ್ಟಿಸಬೇಕಲ್ಲ ಎಂದಳು. ನಾವು ಎಂದಿನ ಜಾಗದಲ್ಲಿ ಕೂತೆವು. ಆಪಾ ಚಾದರ ಹಾಸಿ ನಾಲ್ಕು ಕಡೆ ಎಲೆ ಹಾಕಿದಳು. ಯಾರೂ ಎತ್ತಿ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಅವಳು ಮಾತಾಡಿದಳು, ಅರಬ್ಬಿ, ಹಿಂದಿ, ಇಂಗ್ಲಿಷು ಕಲೆಸಿದ, ಆ ಖೋಲಿಯ ನಾಲ್ಕು ಹೆಂಗಸರಷ್ಟೇ ಆಡುತ್ತಿದ್ದ ಭಾಷೆಯಲ್ಲಿ. ನನಗೆ ತಿಳಿದದ್ದು ಅಮ್ಮ, ಮನೆ, ಸಿಟ್ಟಿಲ್ಲ ಎಂಬ ಮೂರು ಮಾತು. ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಮೆತ್ತಗೆ, ನಿಂತುನಿಂತು ಹೇಳಿದಳು.

ಆ ಖೋಲಿ ಇಕ್ಕಟ್ಟು. ಗೋಡೆಯ ಕಡೆ ಕೂತವರು ಬಾಗಿಲಿಗೆ ಹೋಗಬೇಕೆಂದರೆ ಶರಣಮ್ಮನಿಗೂ ನನಗೂ ನಡುವೆಯೇ ದಾಟಬೇಕು. ಆಪಾ ಮಾತು ಮುಗಿಸಿ ಬಾಗಿಲ ಕಡೆ ನೋಡಿದಳು. ಶರಣಮ್ಮ ಸೀರೆಯ ನೆರಿಗೆ ಎಳೆದುಕೊಂಡು ಚಾಚಿದ್ದ ಕಾಲು ಮಡಚಿದಳು. ಯಾರೂ ಹೇಳದೆ ನಾನೂ ಮಡಚಿಕೊಂಡೆ. ದಾಟುವವರು ಪೂರ್ತಿ ದಾಟಿ ಹೋಗುವಷ್ಟು ಹೊತ್ತು ಮೂವರೂ ಹಾಗೆಯೇ ಕೂತಿದ್ದೆವು.